ಬಂಡಿಯ ದಾರಿ, ಮೋಟಾರ್ ಸೈಕಲ್ಲಿನ ಓಟ

ನಮ್ಮ ಸೈದಾಪುರದ ರೈಲು ನಿಲ್ದಾಣದ ಬಳಿ ನಿಂತು ನೋಡಿದರೆ ಕಣ್ಣು ಹರಿಯುವಷ್ಟು ದೂರವೂ ಬಯಲೇ. ಬೆಟ್ಟವೆಂದರೆ ನಮಗೆ ಯಾದಗಿರಿಯ ಕೋಟೆಯ ಬೆಟ್ಟ, ಇಲ್ಲವೆ ಸುರಪುರದ ಕಲ್ಲುಗುಡ್ಡ. ಈ ಬಯಲಿನಲ್ಲಿ ಗಾಡಿ ಕಲಿತ ತರುಣರು ರಜೆ ಬಂದೊಡನೆ ಮೋಟಾರ್ ಸೈಕಲ್ಲೇರಿ ಮಲೆನಾಡಿನ ಘಟ್ಟಗಳತ್ತ ಹೊರಡುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಹಾಗೆ ಹೋಗಿ, ಇಳಿಜಾರಿನ ತಿರುವಿನಲ್ಲಿ ಜಾರಿಬಿದ್ದು, ಕಾಲು ಮುರಿದುಕೊಂಡು ಮರಳಿದನು. ಅತಿವೇಗದ ಫಲವೆಂದು ಊರವರು ಒಂದೇ ಮಾತಿನಲ್ಲಿ ತೀರ್ಪಿತ್ತರು. ಅವನು ಹೇಳಿದ್ದು ಬೇರೆ: "ಸರ, ತಿರುವು ಮುಗೀತು ಅಂದ್ಕೊಂಡಿದ್ದೆರಿ, ಅದು ಇನ್ನೂ ಬಿಗಿ ಆಗಕೋತ ಹೋತು." ಈ ಮಾತನ್ನು ಇತಿಹಾಸದ ಬೆಳಕಿನಲ್ಲಿ ತಾವೂ ನನ್ನೊಡನೆ ವಿಚಾರಿಸಬೇಕು.

ನಮ್ಮ ಘಟ್ಟದ ದಾರಿಗಳು ಹುಟ್ಟಿದ್ದು ಯಾರಿಗಾಗಿ? ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಅರಳೆಯು ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರನ್ನು ಸೇರುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಅರಳೆ ತಪ್ಪಿತು. ನಮ್ಮ ಅರಳೆಗೆ ಬೆಲೆ ಬಂದಿತು. ಉತ್ತರ ಕನ್ನಡವು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಲು ಈ ವ್ಯಾಪಾರವೂ ಒಂದು ಕಾರಣ.

ಏರು ಕಡಿದಾದರೆ ಎತ್ತು ಎಳೆಯಲಾರದು. ಇಳಿವು ಕಡಿದಾದರೆ ಹೇರು ಎತ್ತಿನ ಕೊರಳ ಮೇಲೆ ಬರುತ್ತದೆ. ಆದುದರಿಂದ ಏರನ್ನು ಮೆಲ್ಲಗೆ ಮಾಡಲು ದಾರಿಯನ್ನು ಹಿಂದುಮುಂದಾಗಿ ಮಡಿಸಿ ಉದ್ದ ಮಾಡಬೇಕಾಯಿತು. ಒಂದೊಂದು ಮಡಿಕೆಗೂ ಒಂದೊಂದು ಹೇರ್‌ಪಿನ್ ತಿರುವು. ಆಗುಂಬೆಯ ಘಟ್ಟದಲ್ಲಿ ಇಂಥವು 14 ಇವೆ. ಮನುಷ್ಯನ ನಡಿಗೆಯಷ್ಟೇ ವೇಗದ ಬಂಡಿಗೆ ತಿರುವು ಎಷ್ಟು ಬಿಗಿಯಾದರೇನು?

ಕಾಲ ಬದಲಾಯಿತು. 1960ರ ದಶಕದಲ್ಲಿ ಮೈಸೂರಿನಲ್ಲಿಯೇ ಜಾವಾ ಮೋಟಾರ್ ಸೈಕಲ್ಲುಗಳು ತಯಾರಾಗತೊಡಗಿದವು. 1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ಗುಡ್ಡದ ರಸ್ತೆಗಳಿಗೆ ನಿಯಮಗಳನ್ನು ರೂಪಿಸಿದೆ. ಅವುಗಳ ಪ್ರಕಾರ ಹೇರ್‌ಪಿನ್ ತಿರುವಿನ ಒಳ ಅಂಚಿನ ತ್ರಿಜ್ಯ ಕನಿಷ್ಠ 14 ಮೀಟರ್. ಅದನ್ನು ಲೆಕ್ಕ ಹಾಕಿರುವ ವೇಗ ಗಂಟೆಗೆ 20 ಕಿಲೊಮೀಟರ್. ವೇಗ ಇಮ್ಮಡಿಯಾಗಿ 40 ಆದರೆ ಗಾಡಿಯನ್ನು ಹೊರಕ್ಕೆ ತಳ್ಳುವ ಬಲ ಇಮ್ಮಡಿಯಲ್ಲ, ನಾಲ್ಕು ಮಡಿ! ಅದನ್ನು ತಡೆಯಲೆಂದೇ ತಿರುವಿನ ಹೊರ ಅಂಚನ್ನು ಎತ್ತರಿಸುವರು. ಆ ಎತ್ತರ ಸಾಲದಿದ್ದರೆ, ಇಲ್ಲವೆ ಡಾಂಬರಿನ ಮೇಲೆ ಮರಳು ಹರಡಿದ್ದರೆ, ವಾಲಿದ ಎರಡು ಚಕ್ರಗಳಿಗೆ ಹಿಡಿತವೆಲ್ಲಿ?

ಇಲ್ಲೊಂದು ವಿಪರ್ಯಾಸವನ್ನು ಗಮನಿಸಿರಿ. ನೇರವಾದ ಭಾಗವನ್ನು ಅಗಲಿಸಿ ನುಣುಪು ಮಾಡಿ, ತಿರುವನ್ನು ಮಾತ್ರ ಹಳೆಯ ಬಂಡಿಯ ಅಳತೆಯಲ್ಲಿ ಬಿಟ್ಟರೆ, ಸುಧಾರಣೆಯೇ ಸವಾರನನ್ನು ಅಪಾಯಕ್ಕೆ ಕರೆದೊಯ್ಯುತ್ತದೆ. ನೇರ ದಾರಿ ವೇಗವನ್ನು ಕಲಿಸುತ್ತದೆ. ತಿರುವು ಅದನ್ನು ಕ್ಷಮಿಸುವುದಿಲ್ಲ. ಅಂಚಿನ ಉಕ್ಕಿನ ತಡೆಪಟ್ಟಿಯೂ ಕಾರಿಗಾಗಿಯೇ ಹುಟ್ಟಿದ್ದು. ಜಾರಿಬಿದ್ದ ಸವಾರನು ಅದರ ಕೆಳಗೆ ನುಗ್ಗಿ ಕಂಬಕ್ಕೆ ಅಪ್ಪಳಿಸುವನು. ಯೂರೋಪಿನ ಕೆಲವು ದೇಶಗಳಲ್ಲಿ ಅದಕ್ಕೆ ಕೆಳಗೊಂದು ತಗಡನ್ನು ಜೋಡಿಸುತ್ತಾರೆ.

ಹಾಗೆಂದು ಸವಾರನು ನಿರ್ದೋಷಿಯೆಂದಲ್ಲ. ತಮ್ಮ ಮನೆಯ ಹುಡುಗ ಘಟ್ಟಕ್ಕೆ ಹೊರಟಾಗ, ತಿರುವಿನೊಳಗಲ್ಲ, ತಿರುವಿಗೆ ಮೊದಲೇ ವೇಗವಿಳಿಸಲು ಹೇಳಿರಿ. ಜೊತೆಗೆ, ಅಪಘಾತದ ಸುದ್ದಿ ಕೇಳಿದಾಗ ಅವನ ವೇಗವೆಷ್ಟೆಂದು ಕೇಳುವಂತೆಯೇ ಆ ತಿರುವು ಹೇಗಿತ್ತೆಂದೂ ಕೇಳಿರಿ. ನನ್ನ ವಿದ್ಯಾರ್ಥಿಯ ಕಾಲು ಕೂಡಿಕೊಂಡಿತು. ಅದೇ ತಿರುವಿಗೆ ನಾಳೆ ಮತ್ತೊಬ್ಬ ತಾಯಿಯ ಮಗ ಬರುತ್ತಾನೆ.