ಒಂದೇ ಕಾಲದ ಹಲವು ಊರುಗಳು

ಹನ್ನೊಂದರಿಂದ ಹದಿಮೂರು ವರ್ಷದ ಮಕ್ಕಳಿಗೆ ಜಗತ್ತಿನ ಪ್ರಾಚೀನ ಹಾಗೂ ಮಧ್ಯಯುಗದ ಇತಿಹಾಸ ಕಲಿಸುವುದು ಮೇಲ್ನೋಟಕ್ಕೆ ಸುಲಭದ ಕೆಲಸ. ಪಿರಮಿಡ್ಡು, ಮಮ್ಮಿ, ಅಲೆಕ್ಸಾಂಡರನ ದಂಡಯಾತ್ರೆ, ಚೀನದ ಮಹಾಗೋಡೆ ಇವೆಲ್ಲ ಆ ವಯಸ್ಸಿನ ಕುತೂಹಲಕ್ಕೆ ಹೇಳಿಮಾಡಿಸಿದ ಸಂಗತಿಗಳು. ಆದರೂ ಪರೀಕ್ಷೆ ಮುಗಿದ ಮೇಲೆ ಅವರ ತಲೆಯಲ್ಲಿ ಉಳಿಯುವುದು ಒಂದಿಷ್ಟು ಹೆಸರು, ಒಂದಿಷ್ಟು ಇಸವಿ. ಸ್ವಲ್ಪ ದಿನಕ್ಕೆ ಅವೂ ಮರೆತುಹೋಗುತ್ತವೆ.

ಇದಕ್ಕೆ ಮುಖ್ಯ ಕಾರಣ ಪಾಠದ ಜೋಡಣೆಯಲ್ಲಿದೆ. ಈಜಿಪ್ಟಿಗೆ ಒಂದು ಅಧ್ಯಾಯ, ಮೆಸೊಪೊಟೇಮಿಯಕ್ಕೆ ಇನ್ನೊಂದು, ಆಮೇಲೆ ಗ್ರೀಸ್, ಅದಾದ ಮೇಲೆ ರೋಮ್. ಪ್ರತಿಯೊಂದು ನಾಗರಿಕತೆಯೂ ಬಾಗಿಲು ಹಾಕಿದ ಕೋಣೆಯಂತೆ. ಒಂದರಿಂದ ಇನ್ನೊಂದಕ್ಕೆ ಯಾರೂ ಓಡಾಡುವುದಿಲ್ಲ, ಸರಕು ಸಾಗುವುದಿಲ್ಲ, ಸುದ್ದಿ ಮುಟ್ಟುವುದಿಲ್ಲ. ಗ್ರೀಸಿನ ಪಾಠ ಮುಗಿದ ದಿನವೇ ಗ್ರೀಕರೂ ಮುಗಿದರು ಎಂದು ಮಗು ತಿಳಿದರೆ ತಪ್ಪು ಮಗುವಿನದಲ್ಲ.

ಈ ಗೋಡೆಗಳನ್ನು ಕೆಡವುವ ಎರಡು ಗಮನಾರ್ಹ ಪ್ರಯತ್ನಗಳು 1930ರ ದಶಕದಲ್ಲಿ ನಡೆದವು. ಎರಡನ್ನೂ ಮಾಡಿದವರು ಶಾಲಾ ಉಪಾಧ್ಯಾಯರಲ್ಲ. ಒಬ್ಬರು ಸೆರೆಮನೆಯಲ್ಲಿದ್ದ ಜವಾಹರಲಾಲ್ ನೆಹರೂ. ಇನ್ನೊಬ್ಬರು ಆಸ್ಟ್ರಿಯದ ವಿಯೆನ್ನಾದಲ್ಲಿ ಡಾಕ್ಟರೇಟ್ ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ಇಪ್ಪತ್ತಾರು ವರ್ಷದ ಅರ್ನ್‌ಸ್ಟ್ ಗಾಂಬ್ರಿಕ್.

ನೆಹರೂ ಈ ಕೆಲಸಕ್ಕೆ ಮೊದಲು ಕೈಹಾಕಿದ್ದು 1928ರ ಬೇಸಿಗೆಯಲ್ಲಿ. ಹತ್ತು ವರ್ಷದ ಇಂದಿರಾ ಆಗ ಮಸ್ಸೂರಿಯಲ್ಲಿದ್ದಳು, ತಂದೆ ಅಲಹಾಬಾದಿನಲ್ಲಿ. ಭೂಮಿ ಹುಟ್ಟಿದ ಬಗೆಯಿಂದ ಆರಂಭಿಸಿ ಅವರು ಬರೆದ ಪತ್ರಗಳು 1929ರಲ್ಲಿ ಪುಸ್ತಕವಾದವು. ಅದರಲ್ಲಿ ಒಂದು ನುಣುಪಾದ ಕಲ್ಲುಹರಳಿನ ಮಾತು ಬರುತ್ತದೆ. ಅದು ದುಂಡಗಾದದ್ದು ಹೇಗೆ? ಬೆಟ್ಟದಿಂದ ಒಡೆದು, ಹೊಳೆಯಲ್ಲಿ ಉರುಳಿ, ಸವೆದು ಎಂದು ಉತ್ತರ ಹುಡುಕುವ ಹುಡುಗಿ ತನಗರಿವಿಲ್ಲದೆಯೇ ಇತಿಹಾಸಕಾರನ ಕಸುಬು ಕಲಿಯುತ್ತಾಳೆ. ಬರಹವಿಲ್ಲದ ಕಡೆಯೂ ಸಾಕ್ಷ್ಯ ಇರುತ್ತದೆ ಎಂಬುದೇ ಆ ಪಾಠ.

ಎರಡನೆಯ ಸರಣಿ ಶುರುವಾದದ್ದು 1930ರ ಅಕ್ಟೋಬರ್ 26ರಂದು, ನೈನಿ ಸೆರೆಮನೆಯಲ್ಲಿ. ಮಗಳ ಹದಿಮೂರನೆಯ ಹುಟ್ಟುಹಬ್ಬಕ್ಕೆ ಜೈಲಿನಿಂದ ಬೇರೇನನ್ನೂ ಕೊಡುವಂತಿರಲಿಲ್ಲ. ಬಿಡುಗಡೆ, ಮರುಬಂಧನಗಳ ನಡುವೆ ಸಾಗಿ 1933ರ ಆಗಸ್ಟ್ 9ಕ್ಕೆ ಮುಗಿದಾಗ ಪತ್ರಗಳ ಸಂಖ್ಯೆ 196ಕ್ಕೆ ಏರಿತ್ತು. 1934ರಲ್ಲಿ ಇವು ‘ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ’ ಎಂಬ ಹೆಸರಿನಲ್ಲಿ ಪ್ರಕಟವಾದವು. ಗ್ರಂಥಾಲಯದ ಅನುಕೂಲವಿಲ್ಲದ ಕಡೆ, ಕೈಗೆ ಸಿಕ್ಕ ಪುಸ್ತಕಗಳು ಮತ್ತು ಹಿಂದೆ ಮಾಡಿಕೊಂಡಿದ್ದ ಟಿಪ್ಪಣಿಗಳನ್ನು ನಂಬಿ ಬರೆದದ್ದು ಇದು.

ಈ ಪತ್ರಗಳ ವಿಶೇಷವೆಂದರೆ ಪಕ್ಕದ ನೋಟ. ಒಂದು ದೇಶದ ಕಥೆ ಹೇಳುತ್ತಿದ್ದ ನೆಹರೂ ಮಧ್ಯದಲ್ಲಿ ನಿಂತು, ಅದೇ ಹೊತ್ತಿಗೆ ಬೇರೆ ಕಡೆ ಏನಾಗುತ್ತಿತ್ತು ಎಂದು ತಿರುಗಿ ನೋಡುತ್ತಾರೆ. ಕ್ರಿಸ್ತಪೂರ್ವ ಆರನೆಯ ಶತಮಾನಕ್ಕೇ ಮೀಸಲಾದ ಒಂದು ಪತ್ರದಲ್ಲಿ ಬುದ್ಧ, ಮಹಾವೀರ, ಚೀನದ ಕನ್‌ಫ್ಯೂಷಿಯಸ್, ಲಾವೋತ್ಸೆ, ಗ್ರೀಸಿನ ಪೈಥಾಗೊರಸ್ ಒಟ್ಟಿಗೆ ಬರುತ್ತಾರೆ. ಮಧ್ಯಯುಗದ ಭಾಗದಲ್ಲಿ ಯೂರೋಪಿನ ಜೊತೆಗೆ ಬಾಗ್ದಾದ್, ಅಂಗ್‌ಕೋರ್, ಶ್ರೀವಿಜಯ, ವಿಜಯನಗರಗಳಿಗೂ ಜಾಗವಿದೆ.

ವಿಯೆನ್ನಾದ ಪುಸ್ತಕದ ಕಥೆ ಬೇರೆ. ವಾಲ್ಟರ್ ನ್ಯೂರಾತ್ ಎಂಬ ಪ್ರಕಾಶಕರು ಇಂಗ್ಲಿಷಿನ ಒಂದು ಮಕ್ಕಳ ಇತಿಹಾಸವನ್ನು ಜರ್ಮನ್ನಿಗೆ ಅನುವಾದಿಸುವಂತೆ ಗಾಂಬ್ರಿಕ್‌ಗೆ ಕೇಳಿದರು. ಓದಿ ನೋಡಿದ ಗಾಂಬ್ರಿಕ್, ಇದಕ್ಕಿಂತ ತಾನೇ ಚೆನ್ನಾಗಿ ಬರೆಯಬಲ್ಲೆ ಎಂದರು. ಸಿಕ್ಕ ಗಡುವು ಆರು ವಾರ. ದಿನಕ್ಕೊಂದು ಅಧ್ಯಾಯದಂತೆ ಹಗಲೆಲ್ಲ ಓದಿ ರಾತ್ರಿ ಬರೆದು 1935ರಲ್ಲಿ ಕೆಲಸ ಮುಗಿಸಿದರು. ಬೆಂಕಿ, ಅಡುಗೆ, ಹತಾರ, ಮಾತು ಇವನ್ನು ಕಂಡುಕೊಂಡ ಹೆಸರಿಲ್ಲದ ಆದಿಮಾನವರಿಗೇ ಜಗತ್ತಿನ ಅತಿದೊಡ್ಡ ಸಂಶೋಧಕರೆಂದು ಅವರು ಗೌರವ ಕೊಟ್ಟರು. ರಾಜರಿಗಿಂತ ಮೊದಲು ಇವರನ್ನು ಕಂಡ ಮಗುವಿಗೆ ಇತಿಹಾಸ ಅರಮನೆಯ ಸೊತ್ತಾಗಿ ಕಾಣುವುದಿಲ್ಲ. ಯುದ್ಧದ ಬಗ್ಗೆ ಆ ಪುಸ್ತಕಕ್ಕೆ ಉತ್ಸಾಹವಿರಲಿಲ್ಲ. ಶಾಂತಿಪರ ಧೋರಣೆ ಅತಿಯಾಯಿತೆಂದು ನಾಜಿಗಳು ಅದನ್ನು ನಿಷೇಧಿಸಿದರು. ಮಕ್ಕಳಿಗೆ ಹೇಳುವ ಹಳೆಯ ಕಥೆಗೆ ಸರ್ವಾಧಿಕಾರಿಗಳೂ ಅಂಜುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಎರಡು ಪುಸ್ತಕಗಳಲ್ಲೂ ಕೊರತೆಗಳಿವೆ. ಮಧ್ಯಯುಗಕ್ಕೆ ಬಂದ ಮೇಲೆ ಗಾಂಬ್ರಿಕ್‌ಗೆ ಯೂರೋಪೇ ಪ್ರಧಾನವಾಗುತ್ತದೆ. ನೆಹರೂ ಆರನೆಯ ಶತಮಾನದ ಪಟ್ಟಿಯಲ್ಲಿ ಸೇರಿಸಿದ್ದ ಇರಾನಿನ ಜರತುಷ್ಟ್ರ ಅದಕ್ಕಿಂತ ಹಲವು ಶತಮಾನ ಹಿಂದಿನವನೆಂದು ಇಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಬುದ್ಧನ ಕಾಲವನ್ನೂ ಹಲವರು ಐದನೆಯ ಶತಮಾನಕ್ಕೆ ತಂದಿದ್ದಾರೆ. ಇದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ತಿಳಿವಳಿಕೆ ಬದಲಾಗುತ್ತದೆ, ಬದಲಾಗುವುದಕ್ಕೆ ಕಾರಣವಿರುತ್ತದೆ ಎಂಬುದೂ ಪಾಠದ ಭಾಗವೇ.

ಪಕ್ಕದ ನೋಟವನ್ನು ತರಗತಿಗೆ ತರಲು ದೊಡ್ಡ ಸಲಕರಣೆ ಬೇಕಾಗಿಲ್ಲ. ಗೋಡೆಗೊಂದು ಜಗತ್ತಿನ ಭೂಪಟ, ಕರಿಹಲಗೆಯ ಮೇಲೊಂದು ಇಸವಿ ಸಾಕು. ಉದಾಹರಣೆಗೆ 1140ರ ಆಸುಪಾಸು. ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾಗಿ ಇಪ್ಪತ್ತಮೂರು ವರ್ಷವಾಗಿದೆ; ಹೊಯ್ಸಳ ವಿಷ್ಣುವರ್ಧನನ ಆಳ್ವಿಕೆ. ಕಾಂಬೋಡಿಯದಲ್ಲಿ ಎರಡನೆಯ ಸೂರ್ಯವರ್ಮ ಅಂಗ್‌ಕೋರ್ ವಾಟ್ ಕಟ್ಟಿಸುತ್ತಿದ್ದಾನೆ. ಪ್ಯಾರಿಸ್ಸಿನ ಹತ್ತಿರ ಸೇಂಟ್ ಡೆನಿಸ್ ಚರ್ಚಿನ ಹೊಸ ಭಾಗದಲ್ಲಿ ಗೋಥಿಕ್ ಶಿಲ್ಪ ತಲೆಯೆತ್ತುತ್ತಿದೆ. ಚೀನದ ಸಾಂಗ್ ಅರಸರು ಉತ್ತರವನ್ನು ಕಳೆದುಕೊಂಡು ಹಾಂಗ್‌ಝೌದಲ್ಲಿ ರಾಜಧಾನಿ ಮಾಡಿಕೊಂಡಿದ್ದಾರೆ. ಇನ್ನು ಕೆಲವೇ ವರ್ಷಗಳಲ್ಲಿ, 1147ರಲ್ಲಿ, ಎರಡನೆಯ ಕ್ರುಸೇಡ್ ಹೊರಡಲಿದೆ. ಐದು ಅಧ್ಯಾಯಗಳಲ್ಲಿ ಚದುರಿಹೋಗಿದ್ದ ಸಂಗತಿಗಳು ಭೂಪಟದ ಮೇಲೆ ಒಂದೇ ಕಾಲದ ಊರುಗಳಾಗುತ್ತವೆ.

ಈ ಊರುಗಳ ಸಾಲಿಗೆ ಮಂಗಳೂರೂ ಸೇರುತ್ತದೆ. 1132ರಿಂದ 1149ರವರೆಗೆ ಹೆಚ್ಚುಕಡಿಮೆ ಅಲ್ಲೇ ಇದ್ದ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಟ್ಯುನೀಸಿಯ ಮೂಲದ ಯಹೂದಿ. ಕರಿಮೆಣಸು, ಏಲಕ್ಕಿ ಕಳಿಸುತ್ತಿದ್ದ. ಹಿತ್ತಾಳೆ ಪಾತ್ರೆಗಳನ್ನು ಮಾಡಿಸುತ್ತಿದ್ದ. ಅದಕ್ಕೆ ಪ್ರತಿಯಾಗಿ ಏಡನ್ನಿನ ಗೆಳೆಯರು ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ಇದೆಲ್ಲ ತಿಳಿದಿರುವುದು ಹಳೆಯ ಕೈರೋದ ಯಹೂದಿ ಪ್ರಾರ್ಥನಾಮಂದಿರವೊಂದರಲ್ಲಿ ಉಳಿದುಬಂದ ಕಾಗದಗಳಿಂದ. ದೇವರ ಹೆಸರಿದ್ದ ಬರಹವನ್ನು ನಾಶಮಾಡಬಾರದೆಂಬ ಪದ್ಧತಿಯಿಂದಾಗಿ ವ್ಯಾಪಾರದ ಪತ್ರಗಳೂ ಅಲ್ಲಿ ಉಳಿದುಕೊಂಡವು. ಕರಾವಳಿಯ ಮಗುವಿಗೆ ಮಧ್ಯಯುಗದ ಈಜಿಪ್ಟ್ ಇನ್ನು ಮೇಲೆ ದೂರದ ದೇಶವಾಗಿ ತೋರದು.

ಪ್ರಾಚೀನ ಯುಗಕ್ಕೂ ಇಂಥ ಕೊಂಡಿಗಳಿವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ನಾಣ್ಯ ದೊರೆತಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ, ಎರಡನೆಯ ಶತಮಾನದ ಪಪೈರಸ್ ಹಾಳೆಯ ಮೇಲೆ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕಡಲತೀರದಲ್ಲಿ ಸೆರೆಸಿಕ್ಕ ಗ್ರೀಕ್ ಹುಡುಗಿಯನ್ನು ಬಿಡಿಸಿಕೊಂಡು ಹೋಗುವ ಕಥೆ ಅದರದು. ಅಲ್ಲಿನ ರಾಜನೂ ಜನರೂ ಆಡುವ, ಗ್ರೀಕರಿಗೆ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು 1904ರಲ್ಲಿ ಹುಲ್ಷ್ ಸೂಚಿಸಿದರು. ಮುಂದೆ ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಅವರೂ ಅದರ ಬಗ್ಗೆ ಬರೆದರು. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ.

ಶಿಕ್ಷಕರ ಹೊಣೆ ಹೆಚ್ಚುವುದು ಇಲ್ಲಿಯೇ. ಎರಡು ಸಾವಿರ ವರ್ಷ ಹಿಂದೆಯೇ ಈಜಿಪ್ಟಿನ ರಂಗಮಂದಿರದಲ್ಲಿ ಕನ್ನಡ ಮೊಳಗಿತು ಎಂದು ಘೋಷಿಸಿದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಅಭಿಮಾನಪಡುತ್ತಾರೆ. ಆದರೆ ಆ ಅಭಿಮಾನಕ್ಕೆ ಇತಿಹಾಸದ ಬುನಾದಿ ಇರುವುದಿಲ್ಲ. ಅದರ ಬದಲು, ಗ್ರೀಕ್ ಲಿಪಿಯಲ್ಲಿ ಬರೆದ ಪರಭಾಷೆಯ ಮಾತನ್ನು ಗುರುತಿಸುವುದು ಹೇಗೆ, ಪ್ರತಿ ಮಾಡಿದವನಿಗೆ ಆ ಭಾಷೆ ಬರುತ್ತಿತ್ತೇ, ಬರೀ ನಗಿಸಲು ಹೊಂದಿಸಿದ ಸದ್ದುಗಳಾಗಿರಬಹುದೇ ಎಂದು ತರಗತಿಯ ಮುಂದಿಟ್ಟರೆ ಮಕ್ಕಳು ಯೋಚಿಸತೊಡಗುತ್ತಾರೆ. ಈಜಿಪ್ಟಿನ ಒಂದು ಊರಿನ ಜನ ಭಾರತದ ಕರಾವಳಿಯ ಕಥೆ ನೋಡಿ ನಕ್ಕಿದ್ದರು ಎಂಬುದೇ ಸಣ್ಣ ಸಂಗತಿಯಲ್ಲ.

ಹನ್ನೆರಡರ ಪ್ರಾಯದಲ್ಲಿ ಮಕ್ಕಳು ಊರು, ಜಾತಿ, ಭಾಷೆ, ದೇಶ ಎಂಬ ಗುರುತುಗಳನ್ನು ಒಂದೊಂದಾಗಿ ಪಡೆಯುತ್ತಿರುತ್ತಾರೆ. ಬೇರೆಯವರೆಂದರೆ ಯಾರು ಎಂಬ ಕಲ್ಪನೆ ಗಟ್ಟಿಯಾಗುವುದೂ ಆಗಲೇ. ಕೋಣೆಗಳಾಗಿ ಕಲಿಸಿದ ಇತಿಹಾಸ ಪ್ರತಿಯೊಂದು ಜನಾಂಗವೂ ತನ್ನಷ್ಟಕ್ಕೆ ತಾನೇ ಬೆಳೆಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಓಡಾಟದ ಇತಿಹಾಸ ಕಲಿತ ಮಗುವಿಗೆ ತನ್ನ ಮನೆಯ ಮೆಣಸಿನ ಡಬ್ಬಿಯಲ್ಲೂ ಒಂದು ಹಡಗಿನ ದಾರಿ ಕಾಣುತ್ತದೆ. ದೊಡ್ಡವರಾದ ಮೇಲೆ ಯಾರಾದರೂ ಹಳೆಯ ಕಾಲದ ಹೆಸರು ಹೇಳಿ ಜಗಳಕ್ಕೆ ಕರೆದಾಗ, ಇದು ನಿಮಗೆ ಗೊತ್ತಾದದ್ದು ಹೇಗೆ ಎಂದು ಕೇಳುವ ಧೈರ್ಯ ಅದಕ್ಕೆ ಇರುತ್ತದೆ. ಇಸವಿಗಳು ಮರೆತರೂ ಈ ಪ್ರಶ್ನೆಯೊಂದು ಉಳಿದರೆ ಪಾಠ ಸಾರ್ಥಕ.