75 ವ್ಯಾಟ್‌ನ ಮಿತಿಯೊಳಗೆ

1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿನೊಳಗೆ 5 ಸ್ಲಾಟ್‌ಗಳಿದ್ದವು. ಅದರ ಸರ್ಕ್ಯೂಟ್ ನಕ್ಷೆಗಳನ್ನೂ ಕಂಪನಿ ಕೈಪಿಡಿಯಲ್ಲಿ ಅಚ್ಚು ಹಾಕಿಸಿತ್ತು. ಹಾಗಾಗಿ ಬೇರೆಯವರು ತಯಾರಿಸಿದ ಕಾರ್ಡ್‌ಗಳೂ ಅದರಲ್ಲಿ ಕೂತವು. ಕೊಂಡ ಪೆಟ್ಟಿಗೆಯನ್ನು ಬಿಚ್ಚಿ ಬಲಪಡಿಸುವ ರೂಢಿ ಬೆಳೆಯಿತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅಳತೆಗಳನ್ನು ಗೊತ್ತುಮಾಡಿದ ಮೇಲೆ ಒಬ್ಬರ ಮದರ್‌ಬೋರ್ಡಿಗೆ ಇನ್ನೊಬ್ಬರ ಪವರ್ ಸಪ್ಲೈ ಹೊಂದುವಂತಾಯಿತು.

ಆದರೆ ಕಂಪನಿಗಳೇ ಜೋಡಿಸಿ ಮಾರುವ ಅಗ್ಗದ ಕಂಪ್ಯೂಟರ್‌ಗಳು ಈ ದಾರಿಯಲ್ಲಿ ಪೂರ್ತಿ ನಡೆಯಲಿಲ್ಲ. ಹಲವು ತಯಾರಕರು ತಮ್ಮದೇ ಆಕಾರದ ಪವರ್ ಸಪ್ಲೈ, ತಮ್ಮದೇ ಕನೆಕ್ಟರ್ ಇಟ್ಟರು. ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ 6 ಪಿನ್‌ನ ವೈರು ಎಷ್ಟೋ ಪೆಟ್ಟಿಗೆಗಳಲ್ಲಿ ಇರಲೇ ಇಲ್ಲ. ಪ್ರೊಸೆಸರ್ ಚೆನ್ನಾಗಿದ್ದರೂ ಆಟ ಓಡುತ್ತಿರಲಿಲ್ಲ.

ಉಳಿದದ್ದು ಒಂದೇ ದಾರಿ. ಗ್ರಾಫಿಕ್ಸ್ ಕಾರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನೇ 75 ವ್ಯಾಟ್‌ವರೆಗೆ ವಿದ್ಯುತ್ ಕೊಡಬಲ್ಲದು. 2014ರ ಫೆಬ್ರವರಿಯಲ್ಲಿ ಎನ್‌ವಿಡಿಯಾ 149 ಡಾಲರ್‌ಗೆ ತಂದ ಜಿಟಿಎಕ್ಸ್ 750 ಟಿಐಗೆ 60 ವ್ಯಾಟ್ ಸಾಕಿತ್ತು. ಮೂಲ ವಿನ್ಯಾಸಕ್ಕೆ ಬೇರೆ ವೈರು ಬೇಕಿರಲಿಲ್ಲ. ಕಚೇರಿಯ ಲೆಕ್ಕಪತ್ರ ಬರೆಯುತ್ತಿದ್ದ ಪೆಟ್ಟಿಗೆಯೂ ಆಟದ ಯಂತ್ರವಾಯಿತು. ಹತ್ತು ವರ್ಷದ ಬಳಿಕ, 2024ರಲ್ಲಿ, 70 ವ್ಯಾಟ್‌ನ 6 ಜಿಬಿ ಆರ್‌ಟಿಎಕ್ಸ್ 3050 ಅದೇ ದಾರಿಯಲ್ಲಿ ಬಂತು.

ನೆಹರು ಪ್ಲೇಸ್, ಲ್ಯಾಮಿಂಗ್ಟನ್ ರಸ್ತೆ, ರಿಚಿ ಸ್ಟ್ರೀಟ್, ಎಸ್‌ಪಿ ರಸ್ತೆಗಳಲ್ಲಿ ಇಂಥ ಹಳೆಯ ಪೆಟ್ಟಿಗೆಗಳು ಇಂದಿಗೂ ಸಿಗುತ್ತವೆ. ಕೊಳ್ಳುವವರು ಹೆಚ್ಚಾಗಿ ನೋಡುವುದು ಪ್ರೊಸೆಸರಿನ ಹೆಸರನ್ನು. ಆ ಪೆಟ್ಟಿಗೆ ಎಷ್ಟು ದೂರ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಮಾತ್ರ ಒಳಗಿನ ಪವರ್ ಸಪ್ಲೈ.