ಬಿಪಿ ಮಾತ್ರೆಗೆ ದೊಡ್ಡಾಸ್ಪತ್ರೆಗೇ ಹೋಗಬೇಕಾ? ಊರಲ್ಲಿ ಯಾರು ಏನು ಮಾಡ್ತಾರೆ, ಇಲ್ಲಿದೆ ಮಾಹಿತಿ

ತಿಪಟೂರು: ತಿಂಗಳ ಬಿಪಿ ಮಾತ್ರೆಗಾಗಿ ಅರ್ಧ ದಿನ ಅಂಗಡಿ ಬಾಗಿಲು ಹಾಕುವವರು, ಕಾಯಿ ಸುಲಿಯೋ ಕೂಲಿ ಬಿಟ್ಟು ಬಸ್ ಹತ್ತುವವರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನಲ್ಲಿದ್ದಾರೆ. ಮಾತ್ರೆಗೆ ಬಂದವರ ಕ್ಯೂನಲ್ಲೇ ಎದೆನೋವಿನವರೂ ನಿಂತಿರ್ತಾರೆ. ಓಡಾಟಕ್ಕೆ ಬೇಸತ್ತು ಮಾತ್ರೆ ಬಿಟ್ಟರೆ ಲಕ್ವ ಹೊಡೆಯುವ ಅಪಾಯ. ಡಾಕ್ಟರ್ ಮಾಡುವ ಕೆಲಸದಲ್ಲಿ ಒಂದಷ್ಟನ್ನು ತರಬೇತಿ ಪಡೆದ ಬೇರೆ ಸಿಬ್ಬಂದಿ ಮಾಡಬಹುದು. ಅದಕ್ಕೆ ಬೇಕಾದ ವ್ಯವಸ್ಥೆಯೂ ಇದೆ. ಯಾರ ಹತ್ತಿರ ಯಾವುದಕ್ಕೆ ಹೋಗಬೇಕು ಅನ್ನೋದು ಗೊತ್ತಿರಬೇಕು ಅಷ್ಟೆ.

ಯಾರು ಏನು ಮಾಡ್ತಾರೆ?

ಆಶಾ ಕಾರ್ಯಕರ್ತೆ: ಸುಮಾರು 1,000 ಜನಕ್ಕೆ ಒಬ್ಬರು. ಗರ್ಭಿಣಿ, ಬಾಣಂತಿಯರ ಮನೆ ಭೇಟಿ, ಟಿಬಿ ರೋಗಿ ಮಾತ್ರೆ ನುಂಗಿದರಾ ಎಂದು ವಿಚಾರಿಸೋದು, ಆಸ್ಪತ್ರೆಗೆ ಕಳಿಸೋದು ಇವರ ಕೆಲಸ.

ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ: ಜನ ಈಗಲೂ 'ಸಿಸ್ಟರ್' ಅಂತಲೇ ಕರೆಯೋದು. ಲಸಿಕೆ, ಗರ್ಭಿಣಿಯರ ತಪಾಸಣೆ ಇವರದ್ದು.

ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ): ನರ್ಸಿಂಗ್ ಓದಿ, ಹೆಚ್ಚುವರಿ ತರಬೇತಿ ಪಡೆದವರು. ಬಯಲು ಸೀಮೆಯಲ್ಲಿ ಸುಮಾರು 5,000 ಜನಕ್ಕೆ ಒಂದರಂತೆ ಇರಬೇಕಾದ ಉಪಕೇಂದ್ರದಲ್ಲಿ ಕೂರುತ್ತಾರೆ. ಬೋರ್ಡಿನಲ್ಲಿ 'ಆಯುಷ್ಮಾನ್ ಆರೋಗ್ಯ ಮಂದಿರ' ಎಂದಿರುತ್ತದೆ. 30 ವರ್ಷ ದಾಟಿದವರಿಗೆ ಬಿಪಿ, ಶುಗರ್ ನೋಡ್ತಾರೆ, ಬಾಯಿ ಕ್ಯಾನ್ಸರ್ ಲಕ್ಷಣ ಇದೆಯಾ ಎಂದೂ ಪರೀಕ್ಷಿಸ್ತಾರೆ. ಡಾಕ್ಟರ್ ಒಮ್ಮೆ ನೋಡಿ ಔಷಧಿ ಶುರು ಮಾಡಿದ ಮೇಲೆ, ಕಾಯಿಲೆ ಹತೋಟಿಯಲ್ಲಿದ್ದರೆ ತಿಂಗಳ ಮಾತ್ರೆ ಇಲ್ಲೇ ಉಚಿತ. ಅನುಮಾನ ಬಂದರೆ ಇ-ಸಂಜೀವಿನಿಯಲ್ಲಿ ವಿಡಿಯೋ ಮೂಲಕ ಡಾಕ್ಟರ್ ಜೊತೆ ಮಾತಾಡಿಸ್ತಾರೆ.

ತುರುವೇಕೆರೆಯಲ್ಲೇ ಇದೆ ಉದಾಹರಣೆ

ಇದು ಹೊಸ ಯೋಚನೆ ಅಲ್ಲ. ಮಾನಸಿಕ ಕಾಯಿಲೆ ನೋಡುವ ತಜ್ಞರು ಕಡಿಮೆ ಅಂತ ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿ ಆಸ್ಪತ್ರೆಯ ಡಾಕ್ಟರ್‌ಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆಮೇಲೆ ತೀರ್ಥಹಳ್ಳಿ, ನಮ್ಮ ತುರುವೇಕೆರೆ ತಾಲ್ಲೂಕುಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಊರಲ್ಲೇ ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬೆನ್ನುಬಿಡದೆ ನೋಡಿಕೊಳ್ಳುವ ಕಾರ್ಯಕ್ರಮ ನಡೆಯಿತು. ತೀರ್ಥಹಳ್ಳಿಯ ಅಧ್ಯಯನದಲ್ಲಿ, ಔಷಧಿ ತಗೊಂಡವರು ತಗೊಳ್ಳದವರಿಗಿಂತ ದಿನನಿತ್ಯದ ಕೆಲಸ ಚೆನ್ನಾಗಿ ನಿಭಾಯಿಸುತ್ತಿದ್ದುದು ಕಂಡುಬಂತು. ರೋಗ ಯಾವುದು, ಔಷಧಿ ಯಾವುದು ಎಂದು ಹೇಳೋದು ಡಾಕ್ಟರ್ ಕೆಲಸವೇ. ಆದರೆ ರೋಗಿಯನ್ನು ಹುಡುಕಿ, ಮಾತ್ರೆ ತಪ್ಪದಂತೆ ನೋಡಿಕೊಳ್ಳೋಕೆ ಪ್ರತಿ ಸಲ ಡಾಕ್ಟರೇ ಬರಬೇಕಿಲ್ಲ.

ಯಾವುದಕ್ಕೆ ಕಾಯಬಾರದು?

ಎದೆನೋವು, ಒಂದು ಕಡೆ ಕೈಕಾಲು ಬಲ ಹೋಗೋದು, ಮಾತು ತೊದಲೋದು, ಉಸಿರಾಟಕ್ಕೆ ಕಷ್ಟ, ಗರ್ಭಿಣಿಗೆ ರಕ್ತಸ್ರಾವ, ಹಾವು ಕಡಿತ: ಇವಕ್ಕೆ ಉಪಕೇಂದ್ರದಲ್ಲಿ ಕೂರಬೇಡಿ, 108ಕ್ಕೆ ಫೋನ್ ಮಾಡಿ. ತೆಂಗಿನ ಮರದಿಂದ ಬಿದ್ದವರನ್ನು ಎತ್ತಿ ಕೂರಿಸಬೇಡಿ, ಬೈಕಿನಲ್ಲಿ ಸಾಗಿಸಬೇಡಿ. ಬೆನ್ನು, ಕತ್ತು ಅಲ್ಲಾಡದಂತೆ ಮಲಗಿಸಿ ಆಂಬುಲೆನ್ಸ್ ಕರೆಸಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಉಚಿತ ಸಂಖ್ಯೆ 14416.

ಡಿಗ್ರಿ ಇಲ್ಲದೆ ಇಂಜೆಕ್ಷನ್ ಹಾಕುವ 'ಡಾಕ್ಟರ್' ಹತ್ತಿರ ಹೋಗೋದು ಕೆಲಸ ಹಂಚಿಕೆ ಅಲ್ಲ. ಸಿಎಚ್‌ಒ ಹಿಂದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಇರ್ತಾರೆ. ಅವರ ಹಿಂದೆ ಯಾರೂ ಇರಲ್ಲ.

ಹೊರೆ ಇನ್ನೊಬ್ಬರ ತಲೆಗೆ ಬೀಳಬಾರದು

ಡಾಕ್ಟರ್ ಕೆಲಸ ಹಗುರ ಮಾಡೋಕೆ ಹೋಗಿ ಆಶಾಗಳ ಮೇಲೆ ಎಲ್ಲಾ ಹೇರಿದರೂ ನಡೆಯಲ್ಲ. ಗೌರವಧನ ಹೆಚ್ಚಿಸಿ ಎಂದು 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತಿದ್ದರು. ತರಬೇತಿ, ಸಂಬಳ, ಸ್ಟಾಕಿನಲ್ಲಿ ಮಾತ್ರೆ ಮೂರೂ ಇದ್ದರಷ್ಟೇ ಈ ವ್ಯವಸ್ಥೆ ನಿಲ್ಲುತ್ತೆ.

ನೀವು ಮಾಡಬೇಕಾದ್ದು: ಹಳೇ ಚೀಟಿ, ಈಗ ನುಂಗುತ್ತಿರುವ ಮಾತ್ರೆಯ ಪಟ್ಟಿ ಹಿಡಿದು ಒಮ್ಮೆ ನಿಮ್ಮ ಉಪಕೇಂದ್ರಕ್ಕೆ ಹೋಗಿ ಹೆಸರು ಬರೆಸಿ. ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ನಿಮ್ಮ ಬೀದಿಯ ಆಶಾ ಅವರನ್ನು ಕೇಳಿ. ಮಾತ್ರೆ ಸ್ಟಾಕ್ ಇಲ್ಲ ಎಂದರೆ ಸುಮ್ಮನೆ ವಾಪಸ್ ಬರಬೇಡಿ, ಯಾವಾಗ ಬರುತ್ತೆ ಎಂದು ಕೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಿಳಿಸಿ. ಅಲ್ಲಿಯವರೆಗೆ ಮಾತ್ರೆ ಮಾತ್ರ ನಿಲ್ಲಿಸಬೇಡಿ.